ಬಸ್ಸಿನ ಒಳಗೆ ಎಲ್ಲ ಸರಿ ಇತ್ತು: ಕೋಲಾರದ ಹೆದ್ದಾರಿ ಪಕ್ಕದ ಒಂದು ಶಾಲೆಯ ಪ್ರಕರಣ

ಕೋಲಾರದಿಂದ ನರಸಾಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದಲ್ಲಿ ಒಂದು ಖಾಸಗಿ ಶಾಲೆ ಇದೆ. ಶಾಲೆಯ ಹೆಸರು, ಹಳ್ಳಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬಸ್ಸಿನಿಂದ ಇಳಿದು ಪೆಟ್ಟು ತಿಂದ ಮಗುವಿನ ಮನೆಯವರಿಗೆ ಮತ್ತೆ ಫೋನ್ ಕರೆಗಳು ಹೋಗುವುದು ಬೇಡ. ನನ್ನ ಮಗ ಅದೇ ಶಾಲೆಯಲ್ಲಿ ಓದುತ್ತಾನೆ. ಪೋಷಕರ ಪರವಾಗಿ ವಾಹನ ಸಮಿತಿಯಲ್ಲಿ ನಾನಿದ್ದೇನೆ. ಹಾಗಾಗಿ ಇದರಲ್ಲಿ ಹೆಚ್ಚಿನದೆಲ್ಲ ಕಣ್ಣಾರೆ ನೋಡಿದ್ದು.

ಹೋದ ವರ್ಷ ಜುಲೈ. ಸಂಜೆ 4 ದಾಟಿತ್ತು. ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ತನ್ನ ಸ್ಟಾಪಿನಲ್ಲಿ ಇಳಿದಳು. ನೀರಿನ ಬಾಟಲಿ ಕೈಜಾರಿ ಬಸ್ಸಿನ ಮುಂದಕ್ಕೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದಳು. ಡ್ರೈವರ್‌ಗೆ ಕಾಣಲಿಲ್ಲ, ಗಾಡಿ ಬಿಟ್ಟರು. ಎದುರಿನ ಪೆಟ್ಟಿಗೆ ಅಂಗಡಿಯವರು ಕೂಗಿಕೊಂಡು ಓಡಿ ಬಂದು ಬಸ್ಸಿಗೆ ಬಡಿದ ಮೇಲೆ ಬ್ರೇಕ್ ಬಿತ್ತು. ಎಡಗೈ ಮೂಳೆ ಮುರಿಯಿತು. ಜೀವ ಉಳಿಯಿತು.

ಮಾರನೇ ದಿನ ಪೊಲೀಸರು ಬಸ್ಸಿನ ಕಾಗದ ಪತ್ರ ನೋಡಿದರು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ, ಚಾಲ್ತಿಯಲ್ಲಿತ್ತು. ಇನ್ಶೂರೆನ್ಸ್ ಇತ್ತು, ಪರ್ಮಿಟ್ ಇತ್ತು, ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಕೆಲಸ ಮಾಡುತ್ತಿತ್ತು. ಹಳದಿ ಬಣ್ಣ, ಹಿಂದೆ ಮುಂದೆ ಶಾಲಾ ವಾಹನ ಎಂಬ ಬರಹ, ಶಾಲೆಯ ಫೋನ್ ನಂಬರು, ಕಿಟಕಿಗೆ ಅಡ್ಡ ಸರಳು, ಫಸ್ಟ್ ಏಡ್ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಎಲ್ಲವೂ ಇದ್ದವು. ಡ್ರೈವರ್ ಕುಡಿದಿರಲಿಲ್ಲ. ಹೆವಿ ಲೈಸೆನ್ಸ್ ಇತ್ತು, ಹತ್ತಾರು ವರ್ಷ ಗಾಡಿ ಓಡಿಸಿದವರು. ಆಯಮ್ಮನೂ ಬಸ್ಸಿನಲ್ಲೇ ಇದ್ದರು.

ಇಷ್ಟೆಲ್ಲ ಇದ್ದೂ ಮಗು ಚಕ್ರದ ಹತ್ತಿರ ಹೋಯಿತು. ನಮ್ಮ ನಿಯಮ, ತಪಾಸಣೆ, ದಂಡ ಎಲ್ಲವೂ ಬಸ್ಸನ್ನು ನೋಡುತ್ತವೆ. ಮಗು ಇಳಿದ ಮೇಲೆ ಇಡುವ ಹತ್ತು ಹೆಜ್ಜೆಯನ್ನು ಶಾಲೆಯೂ ನೋಡುವುದಿಲ್ಲ, ಪೊಲೀಸರೂ ನೋಡುವುದಿಲ್ಲ. ಆ ಹತ್ತು ಹೆಜ್ಜೆಗೋಸ್ಕರ ಇಬ್ಬರೂ ಒಂದು ಕಡೆ ಕೂರಬೇಕು, ಅದೂ ಶಾಲೆ ಶುರುವಾಗುವುದಕ್ಕೆ ಮುಂಚೆ. ಈ ಪ್ರಕರಣದಿಂದ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು.

ನಿಯಮಗಳು ಬೇಡ ಅಂತ ಹೇಳುತ್ತಿಲ್ಲ. ಅವು ಮಕ್ಕಳ ಸಾವಿನಿಂದಲೇ ಹುಟ್ಟಿದವು. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು 25ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಮರುತಿಂಗಳೇ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳಿಗೆ ಸೂಚನೆಗಳನ್ನು ಕೊಟ್ಟಿತು. ಗಂಟೆಗೆ 40 ಕಿಲೋಮೀಟರ್ ಮಿತಿ, ಡ್ರೈವರ್‌ಗೆ ಭಾರಿ ವಾಹನದಲ್ಲಿ 5 ವರ್ಷದ ಅನುಭವ, ಬಸ್ಸಿನಲ್ಲಿ ಒಬ್ಬ ಸಹಾಯಕರು, ಗಟ್ಟಿ ಚಿಲಕದ ಬಾಗಿಲು ಇವೆಲ್ಲ ಅಲ್ಲಿಂದ ಬಂದವು. ಇವತ್ತು ನಮ್ಮ ಮಕ್ಕಳು ಕೂರುವ ಹಳದಿ ಬಸ್ಸು ಇಷ್ಟಾದರೂ ಭದ್ರವಾಗಿದೆ ಅಂದರೆ ಅದರಿಂದಲೇ.

ಸ್ಟಾಪ್ ಅಲ್ಲಿಗೆ ಬಂದದ್ದು ಹೇಗೆ

ಮೊದಲು ಆ ಹಳ್ಳಿಯ ಸ್ಟಾಪ್ ಊರೊಳಗೆ, ಹಾಲಿನ ಡೇರಿ ಮುಂದೆ ಇತ್ತು. ಅಲ್ಲಿ ಬಸ್ ತಿರುಗಿಸಲು ಜಾಗ ಇದೆ, ಅಕ್ಕಪಕ್ಕ ಮನೆಗಳಿವೆ, ಯಾರಾದರೂ ಅಜ್ಜಿಯೋ ಚಿಕ್ಕಮ್ಮನೋ ನಿಂತಿರುತ್ತಾರೆ. ಆಮೇಲೆ ಶಾಲೆಗೆ ಮಕ್ಕಳು ಜಾಸ್ತಿ ಆದರು, ಬಸ್ಸುಗಳು ಅಷ್ಟೇ ಇದ್ದವು. ಒಂದೇ ಬಸ್ಸು ಬೆಳಿಗ್ಗೆ ಎರಡು ಟ್ರಿಪ್ ಹೊಡೆಯುವುದು ಶುರುವಾಯಿತು. ಊರೊಳಗೆ ಹೋಗಿ ಬರಲು ಟೈಮ್ ಇಲ್ಲ ಅಂತ ಸ್ಟಾಪನ್ನು ಹೆದ್ದಾರಿ ಅಂಚಿಗೆ ತಂದರು. ಸರ್ವೀಸ್ ರಸ್ತೆ ಅಲ್ಲಿ ಕೊನೆಯಾಗುತ್ತದೆ. ಬಸ್ಸಿನ ಅರ್ಧ ಭಾಗ ಸರ್ವೀಸ್ ರಸ್ತೆಯಲ್ಲಿ, ಅರ್ಧ ಭಾಗ ಹೆದ್ದಾರಿಯ ಪಕ್ಕದಲ್ಲಿ ನಿಲ್ಲುತ್ತಿತ್ತು.

ಆ ರಸ್ತೆ ಗೊತ್ತಿರುವವರಿಗೆ ಉಳಿದದ್ದು ಹೇಳಬೇಕಿಲ್ಲ. ಜೂನ್, ಜುಲೈ ಅಂದರೆ ಟೊಮೆಟೊ ಕಾಲ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಬಾಕ್ಸ್ ತುಂಬಿದ ಪಿಕಪ್‌ಗಳು, ಕ್ಯಾಂಟರ್‌ಗಳು ಹರಾಜಿನ ಹೊತ್ತಿಗೆ ತಲುಪಬೇಕು ಅಂತ ಓಡುತ್ತವೆ. ಇನ್ನೊಂದು ದಿಕ್ಕಿನಿಂದ ನರಸಾಪುರದ ಕೈಗಾರಿಕಾ ಪ್ರದೇಶದ ಕಂಪನಿ ಬಸ್ಸುಗಳು. ಇವುಗಳ ನಡುವೆ ನಮ್ಮ ಮಕ್ಕಳು ಇಳಿಯಬೇಕು.

ಹೆದ್ದಾರಿಯ ಆಚೆ ಬದಿಯ ಹಳ್ಳಿಯ ಮಕ್ಕಳದ್ದು ಇನ್ನೂ ಕಷ್ಟ. ಅವರಿಗೆ ಅಂಡರ್‌ಪಾಸ್ ಇದೆ. ಮಳೆ ಬಂದರೆ ಅದರಲ್ಲಿ ಮೊಣಕಾಲು ಮಟ್ಟ ನೀರು ನಿಲ್ಲುತ್ತದೆ. ಹಾಗಾಗಿ ಹಳ್ಳಿಯವರು ಮೇಲೆ ಡಿವೈಡರ್‌ನಲ್ಲಿ ಒಂದು ಸಂದಿ ಮಾಡಿಕೊಂಡಿದ್ದರು, ಮೊದಮೊದಲು ಬೈಕ್ ದಾಟಿಸಲು. ಆಮೇಲೆ ಮಕ್ಕಳೂ ಅಲ್ಲೇ ದಾಟಲು ಶುರು ಮಾಡಿದರು. ಇದು ಎಲ್ಲರಿಗೂ ಗೊತ್ತಿತ್ತು. ಶಾಲೆಗೂ, ಪಂಚಾಯಿತಿಗೂ, ಬೀಟ್ ಪೊಲೀಸರಿಗೂ, ನಮಗೂ.

ಬಸ್ಸಿನ ಮುಂಭಾಗದ ಬಗ್ಗೆಯೂ ಒಂದು ಮಾತು. ಡ್ರೈವರ್ ಎತ್ತರದಲ್ಲಿ ಕೂರುತ್ತಾರೆ. ಮುಂದಿನ ಗಾಜಿನ ಕೆಳಗೆ, ಬಂಪರ್‌ಗೆ ಹತ್ತಿರ ನಿಂತ ಚಿಕ್ಕ ಮಗು ಅವರಿಗೆ ಕಾಣುವುದೇ ಇಲ್ಲ. ಬಗ್ಗಿದರಂತೂ ಮುಗಿಯಿತು. ಎಡಗಡೆ ಮುಂದಿನ ಚಕ್ರದ ಪಕ್ಕ, ಹಿಂದಿನ ಬಂಪರ್ ಹಿಂದೆಯೂ ಹಾಗೆಯೇ. ನಂಬಿಕೆ ಬರದಿದ್ದರೆ ನಿಮ್ಮ ಶಾಲೆಯ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು, ಮುಂದೆ ಒಂದನೇ ಕ್ಲಾಸಿನ ಮಗುವನ್ನು ನಿಲ್ಲಿಸಿ ನೋಡಿ, ಎಂಜಿನ್ ಆಫ್ ಮಾಡಿ. ನಮ್ಮಲ್ಲಿ ಆಮೇಲೆ ಪೋಷಕರ ಸಭೆಯಲ್ಲಿ ಇದನ್ನೇ ಮಾಡಿಸಿದೆವು. ಒಬ್ಬೊಬ್ಬರೂ ಸೀಟಿನಿಂದ ಇಳಿಯುವಾಗ ಮುಖ ಬಿಗಿದುಕೊಂಡು ಇಳಿದರು.

ಪೊಲೀಸರು ಬಂದದ್ದು ರಸ್ತೆಗೆ, ಶಾಲೆಗಲ್ಲ

ಘಟನೆಯಾದ ವಾರದಲ್ಲಿ ಪೊಲೀಸರು ಶಾಲಾ ವಾಹನಗಳ ತಪಾಸಣೆ ಶುರು ಮಾಡಿದರು. ಮಾಡಬೇಕಾದ ಕೆಲಸವೇ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನದ ಡ್ರೈವರ್‌ಗಳನ್ನು ಊದಿಸಿ ನೋಡಿದಾಗ ಕುಡಿದವರು ಸಿಕ್ಕಿದ್ದಾರೆ. ಬೆಳಿಗ್ಗೆ 8 ಗಂಟೆಗೆ, ಮಕ್ಕಳನ್ನು ಕೂರಿಸಿಕೊಂಡು! ಅಂಥವರ ಮೇಲೆ ಕರುಣೆ ತೋರಿಸುವ ಮಾತೇ ಇಲ್ಲ.

ಆದರೆ ಇಲ್ಲಿ ಸಿಕ್ಕಿದ್ದು ಬೇರೆ. ಶಾಲೆಯ ಹಳದಿ ಬಸ್ಸುಗಳಲ್ಲದೆ, ಪೋಷಕರೇ ಸೇರಿ ಗೊತ್ತು ಮಾಡಿಕೊಂಡ ಓಮ್ನಿಗಳು, ಆಟೋಗಳು, ಒಂದೆರಡು ಟೆಂಪೊ ಟ್ರಾವೆಲರ್‌ಗಳೂ ಆ ಶಾಲೆಗೆ ಬರುತ್ತವೆ. ಅದರಲ್ಲಿ ಒಂದು ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಯ ಓಮ್ನಿಯನ್ನು ಬೆಳಿಗ್ಗೆ ಎಂಟೂವರೆಗೆ ಹೆದ್ದಾರಿ ಪಕ್ಕ ನಿಲ್ಲಿಸಿದರು. ಒಳಗೆ 16 ಮಕ್ಕಳು. ಗ್ಯಾಸ್ ಕಿಟ್ ಇತ್ತು, ಸಿಲಿಂಡರ್ ಮೇಲೆ ಹಲಗೆ ಹಾಕಿ ಅದರ ಮೇಲೂ ಮಕ್ಕಳನ್ನು ಕೂರಿಸಿದ್ದರು. ಗಾಡಿ ಹಿಡಿದರು, ಮಕ್ಕಳನ್ನು ಇಳಿಸಿದರು. ಮಕ್ಕಳು ರಸ್ತೆ ಪಕ್ಕ ಬಿಸಿಲಲ್ಲಿ ನಿಂತರು. ಕೆಲವರು ಅಳುತ್ತಿದ್ದರು, ಇಬ್ಬರು ದೊಡ್ಡ ಹುಡುಗರು ಬ್ಯಾಗ್ ಹೊತ್ತು ಹೆದ್ದಾರಿಯಲ್ಲೇ ನಡೆಯಲು ಹೊರಟರು. ಅಷ್ಟರಲ್ಲಿ ಅಪ್ಪಂದಿರು ಬೈಕ್‌ಗಳಲ್ಲಿ ಬಂದರು, ದೊಡ್ಡ ಜಗಳ ಆಯಿತು.

ಕಾನೂನು ಪೊಲೀಸರ ಕಡೆಗಿದೆ. ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸುವುದು ಪರ್ಮಿಟ್ ಇಲ್ಲದೆ ಓಡಿಸಿದಂತೆ. 2016ರ ಜೂನ್ 21ರಂದು ಕುಂದಾಪುರದ ಹತ್ತಿರ ತ್ರಾಸಿಯಲ್ಲಿ ಮಕ್ಕಳು ತುಂಬಿದ್ದ ಓಮ್ನಿಗೆ ಬಸ್ ಡಿಕ್ಕಿ ಹೊಡೆದು 8 ಮಕ್ಕಳು ಸತ್ತದ್ದನ್ನು ಮರೆಯಲು ಆಗುತ್ತದಾ? ಪಾವಗಡದ ಪಳವಳ್ಳಿ ಹತ್ತಿರ 2022ರ ಮಾರ್ಚ್ 19ರಂದು ಕಿಕ್ಕಿರಿದ ಖಾಸಗಿ ಬಸ್ ಉರುಳಿ ಕಾಲೇಜಿಗೆ ಹೊರಟಿದ್ದ ಮಕ್ಕಳು ಸತ್ತರು. ತುಂಬಿಸುವುದು ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 194ಎ ಕಲಂ ಪ್ರಕಾರ, ಬಾಡಿಗೆ ಗಾಡಿಯಲ್ಲಿ ಮಿತಿಗಿಂತ ಹೆಚ್ಚಿಗೆ ಇರುವ ಒಬ್ಬೊಬ್ಬರಿಗೂ 200 ರೂಪಾಯಿ ದಂಡ. ಜೊತೆಗೆ, ಹೆಚ್ಚಿನ ಪ್ರಯಾಣಿಕರನ್ನು ಇಳಿಸಿ ಅವರಿಗೆ ಬೇರೆ ಗಾಡಿಯ ವ್ಯವಸ್ಥೆ ಆಗುವ ತನಕ ಆ ವಾಹನ ಹೊರಡುವಂತಿಲ್ಲ. ಬೇರೆ ಗಾಡಿಯ ವ್ಯವಸ್ಥೆ, ಈ ಮಾತನ್ನು ಯಾರೂ ಓದುವುದಿಲ್ಲ. ದೊಡ್ಡವರನ್ನು ಇಳಿಸಿದರೆ ಬೈಯುತ್ತಾ ಬಸ್ ಹಿಡಿಯುತ್ತಾರೆ. ಒಂದನೇ ಕ್ಲಾಸಿನ ಮಗು ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟೇ. ಮಕ್ಕಳು ಒಳಗಿರುವಾಗ ಹೆದ್ದಾರಿಯಲ್ಲಿ ತಪಾಸಣೆ ಬೇಡ, ಶಾಲೆಯ ಕಾಂಪೌಂಡ್ ಒಳಗೆ ಮಕ್ಕಳು ಇಳಿದ ಮೇಲೆ ಮಾಡಿ. ಗಾಡಿಯೂ ಎಲ್ಲೂ ಓಡಿಹೋಗುವುದಿಲ್ಲ, ಡ್ರೈವರೂ ಓಡಿಹೋಗುವುದಿಲ್ಲ. ಕುಡಿದು ಓಡಿಸುತ್ತಿದ್ದಾರೆ ಅಂತ ಖಚಿತ ಸುಳಿವು ಇದ್ದರೆ ಮಾತ್ರ ಅಲ್ಲೇ ನಿಲ್ಲಿಸಲಿ.

ಶಾಲೆ ಆ ದಿನ ಮಾಡಿದ್ದು ಇನ್ನೂ ಬೇಸರ ತಂದಿತು. ಖಾಸಗಿ ವ್ಯಾನ್‌ಗಳಿಗೂ ನಮಗೂ ಸಂಬಂಧ ಇಲ್ಲ, ಪೋಷಕರೇ ಜವಾಬ್ದಾರರು ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದರು. ಗೇಟಿನ ಮುಂದೆ ದಿನಾ ಬಂದು ನಿಲ್ಲುವ ಗಾಡಿ, ಅದರಿಂದ ಇಳಿಯುವುದು ನಿಮ್ಮದೇ ಯೂನಿಫಾರ್ಮ್. ಸಂಬಂಧ ಇಲ್ಲದೆ ಹೇಗಾಗುತ್ತದೆ?

ಕಾಗದದಲ್ಲಿದ್ದ ಸಮಿತಿ

ಕರ್ನಾಟಕ 2012ರಲ್ಲಿ ಶಾಲಾ ಮಕ್ಕಳ ವಾಹನಗಳಿಗೆ ಅಂತಲೇ ಬೇರೆ ನಿಯಮ ತಂದಿದೆ. ಅದರಲ್ಲಿ ಪ್ರತಿ ಶಾಲೆಗೂ ಒಂದು ವಾಹನ ಸುರಕ್ಷತಾ ಸಮಿತಿ ಇರಬೇಕು ಅಂತಿದೆ. ಶಾಲೆಯ ಮುಖ್ಯಸ್ಥರು ಅಧ್ಯಕ್ಷರು. ಪೊಲೀಸ್, ಸಾರಿಗೆ ಇಲಾಖೆ, ಶಿಕ್ಷಣ ಇಲಾಖೆ, ಪೋಷಕರು, ಬಸ್ ನಡೆಸುವವರು, ಎಲ್ಲರ ಕಡೆಯಿಂದಲೂ ಸದಸ್ಯರು. ಸ್ಟಾಪ್ ಎಲ್ಲಿರಬೇಕು ಅಂತ ನೋಡುವುದೂ ಈ ಸಮಿತಿಯ ಕೆಲಸವೇ. ಅಂದರೆ ನಾವು ಕೇಳುತ್ತಿರುವ ಸಹಕಾರ ಹೊಸದೇನಲ್ಲ, ಬರೆದಿಟ್ಟದ್ದು. ನಮ್ಮ ಶಾಲೆಯಲ್ಲೂ ಸಮಿತಿ ಇತ್ತು, ಫೈಲಿನಲ್ಲಿ. ಅದರಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ವರ್ಗವಾಗಿ ಹೋಗಿ ಬಹಳ ಕಾಲವಾಗಿತ್ತು. ಪೋಷಕ ಸದಸ್ಯರ ಮಗ ಪಿಯುಸಿಗೆ ಸೇರಿಯಾಗಿತ್ತು.

ಜಗಳದ ನಂತರ ಕೆಲವು ಪೋಷಕರು ಸೇರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಠಾಣೆಗೂ ಅರ್ಜಿ ಕೊಟ್ಟೆವು. ಈ ಸಮಿತಿಯನ್ನು ನಿಜವಾಗಿ ಸೇರಿಸಿ, ಡ್ರೈವರ್‌ಗಳನ್ನೂ ಆಯಮ್ಮಂದಿರನ್ನೂ ಕರೆಯಿರಿ ಅಂತ ಕೇಳಿದೆವು. ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಒಪ್ಪಿದರು. ಕೋಲಾರ ಆರ್‌ಟಿಒ ಆಫೀಸಿನಿಂದ ಮೋಟಾರು ವಾಹನ ನಿರೀಕ್ಷಕರೂ ಬಂದರು. ಹೆಡ್ ಮೇಡಂ ಮೊದಲು ಹಿಂಜರಿದರು. ಪೊಲೀಸರು ಶಾಲೆಯೊಳಗೆ ಬಂದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ ಅವರಿಗೆ.

ಆ ಸಭೆಯಲ್ಲಿ ಮೊದಲರ್ಧ ಗಂಟೆ ಕಾಗದಗಳ ಮಾತೇ ನಡೆಯಿತು. ಆಮೇಲೆ ನಿರೀಕ್ಷಕರು ಡ್ರೈವರ್ ಕಡೆ ತಿರುಗಿ, ಯಾಕಣ್ಣ ಅಷ್ಟು ಅವಸರ, ಮಗು ಸರಿದಿದ್ದು ನೋಡಿ ಬಿಡಬಾರದಾ ಅಂದರು. ಅವರು ಸುಮ್ನೆ ಕೂತಿದ್ದರು, ಸ್ವಲ್ಪ ಹೊತ್ತಾದ ಮೇಲೆ ಹೇಳಿದರು.

“ಸಾರ್, ಸಂಜೇನೂ ಎರಡು ಟ್ರಿಪ್ಪು. ಗವರ್ನರ್ 40ಕ್ಕೆ ಕಟ್ಟಿದೆ, ಓಡಿಸಿ ಟೈಮ್ ಹಿಡಿಯೋಕಾಗಲ್ಲ. ಇನ್ನು ಉಳಿಯೋದು ಏನು? ನಿಲ್ಲಿಸೋ ಟೈಮೇ ಕಮ್ಮಿ ಮಾಡ್ಬೇಕು.”

ವೇಗಕ್ಕೆ ಕಡಿವಾಣ ಹಾಕಿದೆವು, ಟ್ರಿಪ್ ಲೆಕ್ಕ ಹಾಗೇ ಬಿಟ್ಟೆವು. ಅವಸರ ಎಲ್ಲೂ ಹೋಗಲಿಲ್ಲ. ರಸ್ತೆಯಿಂದ ಸ್ಟಾಪಿಗೆ ಬಂತು, ಮಗು ಕಾಲಿಡುವ ಜಾಗಕ್ಕೇ ಬಂತು. ಇಷ್ಟು ವರ್ಷ ಇದನ್ನು ಡ್ರೈವರ್‌ಗಳು ಬಿಟ್ಟು ಬೇರೆ ಯಾರೂ ಯೋಚಿಸಿರಲಿಲ್ಲ, ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಆಮೇಲೆ ಆಯಮ್ಮ ಎದ್ದು ನಿಂತರು. ಅವರ ಮೇಲೆ ಆ ವಾರವೆಲ್ಲ ಬೈಗುಳ ಬಿದ್ದಿತ್ತು.

“ಸಾರ್, ನಾನು ಇಳಿದ್ರೆ ಒಳಗಿನ ಮಕ್ಕಳು ಕಿಟಕಿ ಹತ್ತುತ್ವೆ. ಇಳೀದಿದ್ರೆ ಹೊರಗಿನ ಮಗು ಎತ್ತಾಗೆ ಹೋಯ್ತು ಅಂತ ಕಾಣಲ್ಲ. ನಾನೊಬ್ಳು ಏನ್ ಮಾಡ್ಲಿ ಹೇಳಿ?”

ಸಬ್ ಇನ್ಸ್‌ಪೆಕ್ಟರ್ ಬರೆದುಕೊಳ್ಳುವುದು ನಿಲ್ಲಿಸಿ, “ನಾಳೆ ಸಂಜೆ ನಾನೂ ಬಸ್ಸಲ್ಲಿ ಬರ್ತೀನಿ ಮೇಡಂ” ಅಂದರು. ಬಂದರು. ಯೂನಿಫಾರ್ಮ್ ಇಲ್ಲದೆ, ಕೊನೇ ಸೀಟಿನಲ್ಲಿ ಕೂತು ಪೂರ್ತಿ ರೂಟ್ ನೋಡಿದರು. ನಿರೀಕ್ಷಕರು ಬಸ್ಸಿನ ಹಿಂದೆ ಜೀಪಿನಲ್ಲಿ ಬಂದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ ಯಾವುದು ಅಂತ ಕೇಳಿದರೆ ನಾನು ಈ ಒಂದು ಸಂಜೆಯನ್ನೇ ಹೇಳುತ್ತೇನೆ. ಸ್ಟಾಪಿನಲ್ಲಿ ಬಸ್ ನಿಂತಾಗ ಪಕ್ಕದಲ್ಲಿ ಕ್ಯಾಂಟರ್ ಹಾದುಹೋದರೆ ಬಾಗಿಲಲ್ಲಿ ನಿಂತ ಮಗುವಿಗೆ ಗಾಳಿ ಹೇಗೆ ಬಡಿಯುತ್ತದೆ ಅನ್ನುವುದು ಫೈಲಿನಲ್ಲಿ ಕಾಣುವುದಿಲ್ಲ.

ಏನೇನು ಬದಲಾಯಿತು

ಮೊದಲು ಟೈಮ್. ಶಾಲೆ ಹೈಸ್ಕೂಲಿನ ತರಗತಿಗಳನ್ನು ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಶುರು ಮಾಡಿ, ಸಂಜೆ ಅಷ್ಟೇ ತಡವಾಗಿ ಬಿಡಲು ಒಪ್ಪಿತು. ಚಿಕ್ಕ ಮಕ್ಕಳದ್ದು ಒಂದು ಟ್ರಿಪ್, ದೊಡ್ಡವರದ್ದು ಇನ್ನೊಂದು. ಎರಡು ಟ್ರಿಪ್ ನಡುವೆ ಉಸಿರಾಡಲು ಸಮಯ ಸಿಕ್ಕಿತು. ಇದಕ್ಕೆ ಹೊಸ ಬಸ್ ಬೇಕಾಗಲಿಲ್ಲ, ಟೈಮ್ ಟೇಬಲ್ ಬದಲಾಯಿಸಿದರೆ ಸಾಕಾಯಿತು. ಕೆಲವು ಪೋಷಕರು ಟ್ಯೂಷನ್‌ಗೆ ತೊಂದರೆ ಅಂತ ಗೊಣಗಿದರು, ಆಮೇಲೆ ಹೊಂದಿಕೊಂಡರು.

ಸ್ಟಾಪ್ ಮತ್ತೆ ಡೇರಿ ಮುಂದಕ್ಕೆ ಹೋಯಿತು. ಹೆದ್ದಾರಿ ಅಂಚಿನಲ್ಲಿ ಯಾವ ಊರಿನ ಮಗುವನ್ನೂ ಇಳಿಸುವಂತಿಲ್ಲ ಅಂತ ಸಮಿತಿ ಬರೆದು ಸಹಿ ಮಾಡಿತು. ಚಳಿಗಾಲದ ಮಾತೂ ಆಗಲೇ ಬಂತು. ಚಿಕ್ಕಬಳ್ಳಾಪುರದ ಚಿತ್ರಾವತಿ ಹತ್ತಿರ 2023ರ ಅಕ್ಟೋಬರ್ 26ರ ಬೆಳಿಗ್ಗೆ ಮಂಜಿನಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಸುಮೊ ಗುದ್ದಿ 13 ಜನ ಸತ್ತದ್ದು ನಮ್ಮ ಕಡೆ ಎಲ್ಲರ ನೆನಪಿನಲ್ಲಿದೆ. ಹೆದ್ದಾರಿ ಪಕ್ಕ ನಿಂತ ಗಾಡಿ ಮಂಜಿನಲ್ಲಿ ಏನಾಗುತ್ತದೆ ಅಂತ ಸಬ್ ಇನ್ಸ್‌ಪೆಕ್ಟರ್ ಅದನ್ನೇ ಎತ್ತಿ ಹೇಳಿದರು. ದಟ್ಟ ಮಂಜಿದ್ದರೆ ಬಸ್ ತಡವಾಗಿ ಹೊರಡಲಿ, ಮಕ್ಕಳಿಗೆ ಹಾಜರಿ ಕಡಿತ ಬೇಡ ಅಂತ ತೀರ್ಮಾನ ಆಯಿತು.

ಇಳಿಸುವ ಕ್ರಮ ಬದಲಾಯಿತು. ಬಸ್ ನಿಂತು ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಆಯಮ್ಮ ಮೊದಲು ಇಳಿಯುತ್ತಾರೆ. ಮಕ್ಕಳು ಅವರ ಹಿಂದೆ. ಬಸ್ಸಿನ ಮುಂದಿನಿಂದ ಯಾರೂ ದಾಟುವಂತಿಲ್ಲ. ಮಗು ಮನೆಯವರ ಕೈಗೆ ಸಿಕ್ಕಿದ ಮೇಲೆ ಆಯಮ್ಮ ಬಸ್ಸಿನ ಮುಂದೆ ಒಂದು ಸುತ್ತು ನೋಡಿ, ಹತ್ತಿ, ಬಾಗಿಲು ಹಾಕಿ ಬಡಿಯುತ್ತಾರೆ. ಆಗ ಮಾತ್ರ ಗಾಡಿ ಹೊರಡಬೇಕು. ಒಳಗಿನ ಮಕ್ಕಳನ್ನು ಆ ಒಂದು ನಿಮಿಷ ನೋಡಿಕೊಳ್ಳಲು ಅದೇ ರೂಟಿನ ಒಬ್ಬರು ಟೀಚರ್ ಬರುತ್ತಾರೆ, ಅವರ ಬಸ್ ಚಾರ್ಜನ್ನು ಶಾಲೆ ಬಿಟ್ಟಿದೆ. ಏನಾದರೂ ಬಿದ್ದರೆ ಎತ್ತಬೇಡ, ಆಯಮ್ಮನಿಗೆ ಹೇಳು ಅಂತ ಮಕ್ಕಳಿಗೆ ಪ್ರಾರ್ಥನೆ ಹೊತ್ತಲ್ಲಿ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಕೊನೇ ಸ್ಟಾಪ್ ಆದ ಮೇಲೆ ಹಿಂದಿನ ಸೀಟಿನ ತನಕ ನಡೆದು, ನಿದ್ದೆ ಹೋದ ಮಗು ಇದೆಯಾ ಅಂತ ನೋಡುವುದೂ ಈಗ ಆಯಮ್ಮನ ಪಟ್ಟಿಯಲ್ಲಿದೆ.

ಪೊಲೀಸರು ಮಾಡಿದ್ದರಲ್ಲಿ ಮುಖ್ಯವಾದದ್ದು ಒಂದು ಪತ್ರ. ಅಂಡರ್‌ಪಾಸ್ ನೀರಿನ ಬಗ್ಗೆ ಶಾಲೆಯೂ ಪಂಚಾಯಿತಿಯೂ ಹೆದ್ದಾರಿ ಪ್ರಾಧಿಕಾರಕ್ಕೆ ಎಷ್ಟೋ ಸಲ ಬರೆದಿದ್ದವು. ಠಾಣೆಯಿಂದ, ಅಪಘಾತದ ಹಿನ್ನೆಲೆ ಬರೆದು, ಫೋಟೊ ಸಮೇತ ಪತ್ರ ಹೋದ ಮೇಲೆ ಕೆಲಸ ಅಲುಗಾಡಿತು. ಚರಂಡಿ ಬಿಡಿಸಿದರು. ಡಿವೈಡರ್ ಸಂದಿಯನ್ನು ಮುಚ್ಚಿದ್ದು ಅದಾದ ಮೇಲೆ, ಮುಂಚೆ ಅಲ್ಲ. ಈ ಕ್ರಮ ಬಹಳ ಮುಖ್ಯ. ಕೆಳಗೆ ದಾರಿ ಕೊಡದೆ ಮೇಲಿನ ಸಂದಿ ಮುಚ್ಚಿದ್ದರೆ ಜನ ವಾರದೊಳಗೆ ಮತ್ತೆ ಒಡೆಯುತ್ತಿದ್ದರು.

ಉಳಿದದ್ದು ಚಿಕ್ಕಪುಟ್ಟ ಕೆಲಸಗಳು. ಡ್ರೈವರ್, ಆಯಮ್ಮ ಎಲ್ಲರಿಗೂ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪೊಲೀಸ್ ವೆರಿಫಿಕೇಶನ್ ಮಾಡಿಸಿದರು. ಊದಿಸುವ ಪರೀಕ್ಷೆ ಈಗ ಬೆಳಿಗ್ಗೆ ಶಾಲೆಯ ಆವರಣದಲ್ಲೇ, ಬಸ್ ಹೊರಡುವ ಮುಂಚೆ, ಯಾವ ದಿನ ಅಂತ ಹೇಳದೆ ನಡೆಯುತ್ತದೆ. ಬಸ್ಸಿನೊಳಗೆ ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098 ನಂಬರುಗಳನ್ನು ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆದಿದ್ದಾರೆ. ಬೀಟ್ ಪೊಲೀಸರು ಶಾಲೆ ಬಿಡುವ ಹೊತ್ತಿಗೆ ಅಂಡರ್‌ಪಾಸ್ ಹತ್ತಿರ ಹೋಗಬೇಕು ಅಂತ ಬೀಟ್ ಪುಸ್ತಕದಲ್ಲಿ ಸೇರಿಸಿದರು. ಅಧಿಕಾರಿ ವರ್ಗವಾದರೂ ಅದು ಉಳಿಯಲಿ ಅಂತ ನಾವು ಒತ್ತಾಯ ಮಾಡಿ ಬರೆಸಿದ್ದು. ಒಳ್ಳೆಯ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಇರುವ ತನಕ ಮಾತ್ರ ಮಕ್ಕಳು ಸುರಕ್ಷಿತ ಅಂದರೆ ಅದು ವ್ಯವಸ್ಥೆ ಅಲ್ಲ.

ಇನ್ನೂ ಬಗೆಹರಿಯದ್ದು

ಓಮ್ನಿಗಳು. ಆ ಗ್ಯಾಸ್ ಕಿಟ್‌ನ ಗಾಡಿ ನಿಂತಿತು, ಬೇರೆ ಕೆಲವು ಇನ್ನೂ ಓಡುತ್ತಿವೆ. ಅದರಲ್ಲಿ ಬರುವ ಮಕ್ಕಳ ಅಪ್ಪ ಅಮ್ಮ ಕೂಲಿಗೆ ಹೋಗುವವರು, ಟೊಮೆಟೊ ತೋಟದಲ್ಲಿ ಬಿಡಿಸುವವರು, ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವವರು. ಶಾಲಾ ಬಸ್ಸಿನ ಫೀಸು ಕಟ್ಟಲು ಅವರಿಗೆ ಆಗುವುದಿಲ್ಲ. ಗಾಡಿ ಹಿಡಿದು ದಂಡ ಹಾಕಿದರೆ ಆ ದಂಡವೂ ತಿಂಗಳ ಬಾಡಿಗೆಯಲ್ಲಿ ಇವರ ಮೇಲೆಯೇ ಬೀಳುತ್ತದೆ. ಇನ್ನೊಂದು ಗಾಡಿಗೆ ಇನ್ನಷ್ಟು ಮಕ್ಕಳನ್ನು ತುರುಕುತ್ತಾರೆ.

ಈ ಸಲದ ಸಮಿತಿ ಸಭೆಯಲ್ಲಿ ಕೆಎಸ್‌ಆರ್‌ಟಿಸಿ ಮಾತು ತೆಗೆದೆವು. ಓಮ್ನಿ ಮಕ್ಕಳು ಜಾಸ್ತಿ ಇರುವ ಎರಡು ಹಳ್ಳಿಗಳಿಗೂ ಬೆಳಿಗ್ಗೆ ಸರ್ಕಾರಿ ಬಸ್ ಇದೆ, ಆದರೆ ಅದು ಶಾಲೆ ದಾಟುವುದು ಏಳೂವರೆಗೆ, ಗೇಟು ತೆಗೆಯುವುದಕ್ಕೆ ಎಷ್ಟೋ ಮುಂಚೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಹುಡುಗರಿಗೆ ಪಾಸ್ ಇದೆ. ಬಸ್ಸು ಒಂದು ಗಂಟೆ ತಡವಾಗಿ ಬಂದರೆ ದೊಡ್ಡ ಮಕ್ಕಳಾದರೂ ಓಮ್ನಿ ಬಿಡುತ್ತಾರೆ, ಚಿಕ್ಕವರಿಗೆ ಜಾಗ ಸಿಗುತ್ತದೆ. ಶಾಲೆ, ಠಾಣೆ, ಪೋಷಕರು ಮೂವರೂ ಸಹಿ ಹಾಕಿ ಕೋಲಾರ ಡಿಪೋಗೆ ಅರ್ಜಿ ಕೊಟ್ಟಿದ್ದೇವೆ. ಒಂದು ಹಳ್ಳಿಯ ಬಸ್ಸಿನ ಟೈಮ್ ಬದಲಾಗಿದೆ. ಇನ್ನೊಂದು ಹಳ್ಳಿಯ ಅರ್ಜಿ ಡಿಪೋದಲ್ಲೇ ಇದೆ, ಮುಂದಿನ ವಾರ ಸಬ್ ಇನ್ಸ್‌ಪೆಕ್ಟರ್ ಜೊತೆ ಅಲ್ಲಿಗೆ ಹೋಗಿ ಡಿಪೋ ಮ್ಯಾನೇಜರ್ ಅವರನ್ನು ಕಾಣುವುದಿದೆ.